ಓದಿದಂತೆ ಆಡಿದ ಆಟ

ಅಣ್ಣನಿಗೆ ಈಗ ಕಣ್ಣು ಕಾಣುವುದಿಲ್ಲ. ಸಕ್ಕರೆ ಕಾಯಿಲೆ ಎರಡನ್ನೂ ತಿಂದುಹಾಕಿತು. ಪೆಂದುರ್ತಿಯಲ್ಲಿರುವ ತನ್ನ ಮನೆಗೆ ಅವನು ನನ್ನನ್ನು ವಿಜಯವಾಡದಿಂದ ಕರೆಸಿಕೊಂಡದ್ದು ಒಂದು ಆಟ ಓದಿ ಹೇಳಲಿಕ್ಕೆ.

ಮೊದಲು ನಾವೆಲ್ಲ ಒನ್ ಟೌನ್ ಬಡಾವಣೆಯಲ್ಲಿದ್ದಾಗ ಅಣ್ಣ ಫೋನಿನ ವೈರನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಅದೇ ಊರಿನ ಇನ್ನೊಬ್ಬರ ಮನೆಯ ಕಂಪ್ಯೂಟರಿಗೆ ಡಯಲ್ ಮಾಡುತ್ತಿದ್ದ. ಮೋಡೆಮ್ ಪೆಟ್ಟಿಗೆ ಕಿರುಚಿ ಸುಮ್ಮನಾದರೆ ಆಟ ಸಿಕ್ಕಿತೆಂದು ಅರ್ಥ. ಅದರಲ್ಲಿ ಚಿತ್ರಗಳಿರಲಿಲ್ಲ, ಬರೀ ಇಂಗ್ಲಿಷ್ ಸಾಲುಗಳು. ನೀನೊಂದು ಉಪ್ಪಿನ ಗೋದಾಮಿನಲ್ಲಿದ್ದೀ, ಉತ್ತರಕ್ಕೆ ಬಾಗಿಲಿದೆ ಎಂದು ಬರುತ್ತಿತ್ತು. ಉತ್ತರಕ್ಕೆ ಹೋಗು ಎಂದು ಟೈಪ್ ಮಾಡಿದರೆ ಮುಂದಿನ ಕೋಣೆ.

ನಾನು ಐದನೆಯ ತರಗತಿಗೇ ಶಾಲೆ ಬಿಟ್ಟವಳು. ಅಣ್ಣ ಆ ಸಾಲುಗಳ ಮೇಲೆ ಬೆರಳಿಟ್ಟು ನನಗೆ ಇಂಗ್ಲಿಷ್ ಕಲಿಸಲು ಹೊರಟ. ಆದರೆ ಅಮ್ಮ ಒಳಗಿನ ಫೋನ್ ಎತ್ತಿದರೆ ಲೈನ್ ಕಟ್. ಮತ್ತೆ ಉಪ್ಪಿನ ಗೋದಾಮಿನಿಂದಲೇ ಶುರು. ಕೇಳಿ ಕೇಳಿ ಆ ಸಾಲುಗಳೂ ಅಣ್ಣ ಹೇಳಿದ ಅರ್ಥವೂ ನನಗೆ ಬಾಯಿಪಾಠವಾದವು. ಅಕ್ಷರ ನೋಡದೆಯೇ ಒಪ್ಪಿಸಿದೆ. “ಚೆಲ್ಲಿ ಇಂಗ್ಲಿಷ್ ಓದ್ತಾಳ,” ಎಂದು ಅಣ್ಣ ಅಪ್ಪನ ಮುಂದೆ ಹಿಗ್ಗಿದ. ತಂಗಿ ಎನ್ನಲು ಅವನಿಗೆ ತೆಲುಗಿನ ಆ ಮಾತೇ ರೂಢಿ. ನಾನು ಅಲ್ಲ ಅನ್ನಲಿಲ್ಲ, ಇಷ್ಟು ವರ್ಷವಾದರೂ.

ಈಗ ಅವನ ಮಗಳು ಅಂಥದ್ದೇ ಬೇರೊಂದು ಆಟವನ್ನು ಲ್ಯಾಪ್‌ಟಾಪಿಗೆ ಹಾಕಿಕೊಟ್ಟು ಕೆಲಸಕ್ಕೆ ಹೋಗಿದ್ದಳು.

“ಫೋನು ಓದಿ ಹೇಳ್ತದ. ಆದ್ರ ಅದರೊಳಗಿನ ಹೆಂಗಸಿನ ದನಿ ಕೇಳಿದ್ರ ಬ್ಯಾಂಕಿನಾಗ ಕುಂತಂಗ ಆಗ್ತದ. ನೀ ಓದು ಚೆಲ್ಲಿ,” ಎಂದ.

ಪರದೆಯ ತುಂಬ ಸಾಲುಗಳು. ನನಗೆ ಗೊತ್ತಿದ್ದದ್ದು ಒಂದೇ.

“ನೀನೊಂದು ಉಪ್ಪಿನ ಗೋದಾಮಿನಾಗ ಇದ್ದಿ,” ಎಂದೆ.

ಅಣ್ಣ ನಕ್ಕ. “ಈ ಆಟದಾಗೂ ಉಪ್ಪೇ ಮಾರ್ತಾರೇನು?”

“ಉತ್ತರಕ್ಕ ಬಾಗಿಲದ,” ಎಂದೆ.

ಅವನ ನಗು ನಿಂತಿತು. “ಆವಾಗೂ ಹಿಂಗೇ ಓದ್ತಿದ್ದೇನು?”

“ಹೂಂ.”

ಅವನು ಬೆರಳುಗಳನ್ನು ಕೀಲಿಮಣೆಯ ಮೇಲಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. ಬೈದಿದ್ದರೆ ಚೆನ್ನಾಗಿತ್ತು.

“ಅಕ್ಷರ ಬರ್ತಾವಲ್ಲ? ಒಂದೊಂದೇ ಹೇಳು, ನಾ ಕೂಡಿಸ್ಕೋತೀನಿ.”

ವೈ, ಓ, ಯು ಎಂದೆ. “ನೀನು,” ಎಂದ ಅಣ್ಣ, ಮುಖ ತುಸು ಅರಳಿತು. ಮುಂದಿನದು ಉದ್ದನೆಯ ಪದ. ಸಣ್ಣ ಬಿ ಯಾವುದು, ಡಿ ಯಾವುದು, ನನಗೆ ಎಂದೂ ತಿಳಿದಿಲ್ಲ. ಒಮ್ಮೆ ಬಿ ಎಂದೆ, ಒಮ್ಮೆ ಡಿ ಎಂದೆ. ಅವನು ತುಟಿ ಅಲ್ಲಾಡಿಸಿ ಕೂಡಿಸಿದ, ಬಿಡಿಸಿದ, ಮತ್ತೆ ಕೂಡಿಸಿದ.

“ಹೋಗ್ಲಿ ಬಿಡು. ನಾವು ಎಲ್ಲಿದ್ದೀವಿ, ಅಷ್ಟಾದ್ರೂ ಹೇಳು.”

ಪರದೆಯ ಮೇಲೆ ಬೆರಳಿಟ್ಟು ಸಾಲಿನುದ್ದಕ್ಕೂ ಸರಿಸಿದೆ.

“ಗೊತ್ತಿಲ್ಲಣ್ಣ,” ಎಂದೆ.