ಮೂಲೆಯ ಗೋದಲಿ

ಗಜೇಂದ್ರಗಡದ ದನದ ದವಾಖಾನೆಯಲ್ಲಿ ನಾನು ವೈದ್ಯನಾಗಿದ್ದಾಗ, ಸೀರೆ ನೇಯುವ ಹೆಣ್ಣುಮಗಳೊಬ್ಬಳು ತನ್ನ ಆಕಳನ್ನು ನೋಡಲು ಕರೆದಳು. ಮನೆಯ ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದೆ ಕೊಟ್ಟಿಗೆ. ಮೂಲೆಯ ಗೋದಲಿಗೆ ಕಟ್ಟಿದ್ದ ಆಕಳು ಜೋಳದ ಕಣಿಕೆಯನ್ನು ಗಬಗಬನೆ ತಿನ್ನುತ್ತಿತ್ತು. ಆದರೆ ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು. ಗದ್ದದ ಕೆಳಗೆ ನೀರು ತುಂಬಿದ ಬಾವು.

“ತಿನ್ನೂದು ಬಿಟ್ಟಿಲ್ರಿ ಸಾಹೇಬ್ರ. ತಿಂದದ್ದೆಲ್ಲಾ ನೀರಾಗಿ ಹೋಗತೈತಿ. ಕರಾ ಹಾಕಿದ ಮ್ಯಾಲಿಂದ ಹಿಂಗ.”

ಜ್ವರವಿರಲಿಲ್ಲ. ಸಗಣಿಯಲ್ಲಿ ರಕ್ತವೂ ಇರಲಿಲ್ಲ. ಜಂತಿನ ಔಷಧಿ ಕೊಟ್ಟೆ. ಸಗಣಿ ಸ್ವಲ್ಪ ಗಟ್ಟಿಯಾದಂತೆ ಕಂಡು ಮತ್ತೆ ನೀರಾಯಿತು. ಮುಂದಿನ ಸಲ ಹೋದಾಗ ಆಕೆ ದನಿ ತಗ್ಗಿಸಿದಳು.

“ಒಂದ ಮಾತ ಹೇಳ್ತೀನ್ರಿ, ನಗಬ್ಯಾಡ್ರಿ. ಇದರವ್ವನ್ನೂ ಇದ ಗ್ವಾದ್ಲಿಗೆ ಕಟ್ಟಿದ್ವಿ. ಹಿಂಗ ಒಣಗಿ ಸತ್ತಿತ್ತು. ಆ ಜಾಗಾ ಚಲೋ ಇಲ್ಲ ಅಂತಿದ್ಲು ನಮ್ಮತ್ತಿ.”

ನನಗೆ ನಗು ಬರಲಿಲ್ಲ, ತಾಯಿಗೂ ಹೀಗೇ ಆಗಿತ್ತೆಂದರೆ ಅಂಟುರೋಗವಿರಬಹುದು ಎನಿಸಿತು. ಕೈಗವಸು ಹಾಕಿಕೊಂಡು ಆಕಳ ಗುದದ ಒಳಗೋಡೆಯನ್ನು ಮೆಲ್ಲಗೆ ಕೆರೆದು, ಗಾಜಿನ ಪಟ್ಟಿಗೆ ಸವರಿ ತಂದೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ನೀಲಿಯ ನಡುವೆ ಕೆಂಪು ಕಡ್ಡಿಗಳು ಗುಂಪುಗುಂಪಾಗಿ ಮಲಗಿದ್ದವು. ಪ್ರಯೋಗಾಲಯಕ್ಕೆ ಕಳಿಸಿದ ರಕ್ತವೂ ಅದನ್ನೇ ಹೇಳಿತು. ಜೋನ್ಸ್ ರೋಗ. ಇದರ ಕ್ರಿಮಿ ಸಗಣಿ ಮೆತ್ತಿದ ಕೆಚ್ಚಲಿನಿಂದ ಕರುವಿನ ಹೊಟ್ಟೆ ಸೇರುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದು, ಆಮೇಲೆ ಕರುಳನ್ನು ದಪ್ಪಗಟ್ಟಿಸುತ್ತದೆ. ಮೇವು ಮೈಗೆ ಹತ್ತುವುದಿಲ್ಲ. ಇದಕ್ಕೆ ಮದ್ದಿಲ್ಲ.

ಹೇಳಲು ಹೋದಾಗ ಆಕೆ ಮಗ್ಗದ ಮುಂದೆ ಕುಳಿತಿದ್ದಳು. ಲಾಳಿ ಕೈಯಲ್ಲೇ ನಿಂತಿತು.

“ಅಂದ್ರ, ಆ ಜಾಗದಾಗ ಖರೇನ ಏನರ ಐತೇನ್ರಿ?”

“ಐತ್ರಿ. ದೆವ್ವಲ್ಲ, ರೋಗದ ಕ್ರಿಮಿ. ಹೆಂಡ್ಯಾಗ, ಮಣ್ಣಾಗ ಭಾಳ ದಿನ ಜೀವಾ ಹಿಡಕೊಂಡು ಇರತಾವು.”

“ಕಣ್ಣಿಗೆ ಕಾಣತಾವೇನ್ರಿ?”

“ಇಲ್ರಿ.”

“ಮತ್ತ ದೆವ್ವಕ್ಕೂ ಇದಕ್ಕೂ ಏನ ಫರಕ್?”

ಹಿತ್ತಲಲ್ಲಿ ಕರು ಕೂಗಿತು. ಆಕೆ ಅತ್ತ ತಿರುಗಿದಳು.

“ಇದಕ್ಕ?”

“ಈಗ ಗೊತ್ತಾಗೂದಿಲ್ರಿ. ದೊಡ್ಡದಾಗಬೇಕು.”

ಅಂದು ಸಂಜೆಯೇ ಆಕೆ ಕರುವನ್ನು ಎದುರು ಓಣಿಯ ತಂಗಿಯ ಮನೆಗೆ ಒಯ್ದಳು. ಬೇರೆ ಆಕಳ ಹಾಲು ಕುಡಿಸಿದಳು. ತಾಯಿ ಆಕಳು ಮಳೆಗಾಲಕ್ಕೆ ಮೊದಲು ಸತ್ತಿತು. ಸಾಯುವ ದಿನವೂ ಬಾಯಲ್ಲಿ ಕಣಿಕೆಯಿತ್ತು. ಸುಣ್ಣ ಸುರಿದು ಆಳವಾಗಿ ಹೂಳಿಸಿದೆವು. ಗೋದಲಿ ಒಡೆಸಿ, ಕೊಟ್ಟಿಗೆಯ ಮಣ್ಣು ಕೆತ್ತಿಸಿದಳು.

ಆ ಕರು ಈಗ ಹಾಲು ಕೊಡುವ ಆಕಳು. ಪರೀಕ್ಷೆ ಮಾಡಿಸಿದಾಗಲೆಲ್ಲ ರೋಗವಿಲ್ಲವೆಂದೇ ಬಂದಿದೆ. ಅಷ್ಟಕ್ಕೇ ನಂಬಿ ಕೂರುವಂತಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತು. ರೋಣಕ್ಕೆ ವರ್ಗವಾದ ಮೇಲೂ ಆ ಕಡೆ ಹೋದಾಗ ಆ ಬಾಗಿಲ ಮುಂದೆ ಬೈಕು ತಾನಾಗಿ ನಿಲ್ಲುತ್ತದೆ.

“ಹೆಂಡಿ ಗಟ್ಟಿ ಐತ್ರಿ, ಸಾಹೇಬ್ರ,” ಎನ್ನುತ್ತಾಳೆ ಆಕೆ, ನಾನು ಕೇಳುವ ಮೊದಲೇ.

ಆದರೂ ಒಳಗೆ ಹೋಗಿ, ಬಗ್ಗಿ ಸಗಣಿ ನೋಡಿಯೇ ಬರುತ್ತೇನೆ.