ತಿನ್ನದ ಮೀನು

ಅಕ್ಕನಿಗೆ ಕ್ಷಯ ಅಂತ ಚಿಕ್ಕಬಳ್ಳಾಪುರದ ಡಾಕ್ಟರು ಹೇಳಿದ ಮೇಲೆ ಅವಳನ್ನು ಬೀದಿ ಕಡೆಯ ಕೋಣೆಗೆ ಹಾಕಿದರು. ಶಿಡ್ಲಘಟ್ಟದ ಹತ್ತಿರದ ಊರು, ನಮ್ಮದು ರೇಷ್ಮೆ ಹುಳು ಮೇಯಿಸುವ ಮನೆ. ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹಾಕುವುದರಲ್ಲಿ ಅಕ್ಕನನ್ನು ಮೀರಿಸುವವರಿರಲಿಲ್ಲ. ಈಗ ಅವಳ ಗಾಳಿಯೂ ಹುಳು ಮನೆಗೆ ಸೋಕಬಾರದು. ಊಟದ ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ಬರುತ್ತಿದ್ದೆವು. ಮದುವೆ ವಯಸ್ಸಿನ ಹುಡುಗಿ ದಿನವೆಲ್ಲ ಗೋಡೆ ನೋಡಿಕೊಂಡು ಬಿದ್ದಿರಬೇಕು. ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಮನಸ್ಸಿಗೆ ಏನಾದರೂ ಬೇಕು ಅಂತ ಡಾಕ್ಟರು ಅಂದಿದ್ದಕ್ಕೆ, ಅಪ್ಪ ಬೆಂಗಳೂರಿನ ಯಾವುದೋ ಬಂಗಲೆಯ ಹರಾಜಿನಲ್ಲಿ ಎರಡಡಿ ಉದ್ದದ ಗಾಜಿನ ತೊಟ್ಟಿ ತಂದ. ಮೀನು ಆರಿಸುವ ಕೆಲಸ ಅಮ್ಮನಿಗೂ ನನಗೂ ಬಿತ್ತು. ಹೊರಡುವಾಗ ಅಕ್ಕ ಕೋಣೆಯಿಂದಲೇ ಕೂಗಿದಳು: “ಒಂದೇ ಥರದ್ದು ಬೇಡ ಕಣಮ್ಮ. ಬೇರೆ ಬೇರೆ ತಗೊಂಬಾ. ಆದ್ರೆ ಎಲ್ಲಾ ಒಟ್ಟಿಗಿರ್ಬೇಕು, ಕಚ್ಚಾಡ್ಬಾರ್ದು.”

ಹಾಲಿನ ಕ್ಯಾನು ತೊಡೆ ಮೇಲಿಟ್ಟುಕೊಂಡು ಸಣ್ಣ ರೈಲಿನಲ್ಲಿ ಬೆಂಗಳೂರಿಗೆ ಹೋದೆವು. ಮೀನಿನ ಅಂಗಡಿಯ ಸಾಹೇಬರು ನಾನು ಬೆರಳು ತೋರಿಸಿದ್ದಕ್ಕೆಲ್ಲ ಬೇಡ ಅಂದರು. ಏಂಜೆಲ್ ಚಂದ, ಆದರೆ ಬೆಳೆದ ಮೇಲೆ ಸಣ್ಣವನ್ನು ನುಂಗುತ್ತದೆ. ಗೋಲ್ಡ್‌ಫಿಶ್ ಬೇಗ ನೀರು ಕೆಡಿಸುತ್ತದೆ, ಹೊಸಬರಿಗಲ್ಲ. “ಗಪ್ಪಿ, ಜೀಬ್ರಾ, ಕರಿ ಮೋಲಿ ತಗೊಳ್ಳಿಮ್ಮ. ಸಾಧು ಮೀನು. ಮೊದ್ಲು ನಾಲ್ಕಾರು ಸಾಕು. ನೀರು ಮಾತ್ರ ಪೂರಾ ಬದಲಾಯಿಸ್ಬೇಡಿ, ವಾರಕ್ಕೊಂದ್ಸಲ ಕಾಲು ಭಾಗ ಅಷ್ಟೇ.”

ಅಮ್ಮನಿಗೆ ಬಣ್ಣ ಬೇಕಿರಲಿಲ್ಲ. ಹೆಣ್ಣು ನೋಡಲು ಬಂದವಳ ಹಾಗೆ ಗಾಜಿನ ಮುಂದೆ ಕೂತು, “ಒಂದು ಚಿಟಿಕೆ ಮೇವು ಹಾಕಿ” ಅಂದಳು. ಯಾವುದು ಮೊದಲು ಬಾಯಿ ಹಾಕಿತೋ ಅದನ್ನೇ ಹಿಡಿಸಿದಳು. ಹುಳುವಾಗಲಿ ಮೀನಾಗಲಿ, ತಿನ್ನುವುದೇ ಗಟ್ಟಿ ಅನ್ನುವುದು ಅವಳ ನಂಬಿಕೆ. ಸಾಹೇಬರೂ ಭೇಷ್ ಅಂದರು.

ತೊಟ್ಟಿಯನ್ನು ಅಕ್ಕನ ಕೋಣೆಯಲ್ಲಿ, ಹಾಸಿಗೆಗೆ ಎದುರಾಗಿ ಇಟ್ಟೆವು. ಮೊದಲ ದಿನಗಳಲ್ಲಿ ಅವಳು ನಕ್ಕಿದ್ದುಂಟು. ಆದರೆ ಹುಳು ಮೇಯಿಸುವವರಿಗೆ ಕೊಳೆ ಅಂದರೆ ರೋಗ. ದಿನಾ ಹಿಕ್ಕೆ ತೆಗೆದು ಹುಳುವಿನ ತಟ್ಟೆ ಬದಲಾಯಿಸುವ ಅಮ್ಮ, ತೊಟ್ಟಿಯ ತಳದಲ್ಲಿ ಹಿಕ್ಕೆ ಕಂಡು ಸುಮ್ಮನಿರುತ್ತಾಳೆಯೇ? ಸಾಹೇಬರ ಮಾತು ಗಾಳಿಗೆ ಹೋಯಿತು. ಬೆಳಿಗ್ಗೆ ಎದ್ದು ನೀರೆಲ್ಲ ಚೆಲ್ಲಿ, ಗಾಜು ತಿಕ್ಕಿ, ಬಾವಿ ನೀರು ತುಂಬಿ, ಆಮೇಲೆ ಸ್ನಾನ ಮಾಡಿಕೊಂಡು ಹುಳು ಮನೆಗೆ ಹೋಗುತ್ತಿದ್ದಳು.

ಒಂದು ಗಪ್ಪಿ ಮೇವು ಬಿಟ್ಟಿತು. ಹುಳು ಮನೆಯಲ್ಲಿ ಸೊಪ್ಪು ಮುಟ್ಟದೆ ಸೊರಗಿದ ಹುಳುವನ್ನು ಹುಡುಕಿ ತೆಗೆದು ಸುಣ್ಣದ ಪುಡಿಯ ಬೋಗುಣಿಗೆ ಹಾಕುತ್ತೇವೆ, ರೋಗ ಮಿಕ್ಕವಕ್ಕೆ ಹಬ್ಬದಿರಲಿ ಅಂತ. ಅಮ್ಮ ಅದೇ ಬೋಗುಣಿ ತಂದು, ಗಪ್ಪಿಯನ್ನು ಬಟ್ಟೆಯಲ್ಲಿ ಎತ್ತಿ ಹಾಕಿದಳು. ಅದರ ಬಾಲ ಇನ್ನೂ ಆಡುತ್ತಿತ್ತು. ಅಕ್ಕ ಹಾಸಿಗೆಯಿಂದ ನೋಡುತ್ತಿದ್ದಳು.

ಅವತ್ತು ಮಧ್ಯಾಹ್ನ ಅಕ್ಕನ ತಟ್ಟೆ ಖಾಲಿ. ಎರಡು ತುತ್ತಿಗೇ ಸಾಕೆನ್ನುತ್ತಿದ್ದವಳು ಮುದ್ದೆ, ಸಾರು ಎಲ್ಲ ಮುಗಿಸಿ, ತಟ್ಟೆ ಎತ್ತಿ ಅಮ್ಮನಿಗೆ ತೋರಿಸಿದಳು. ಅಮ್ಮ ಹಿಗ್ಗಿಹೋದಳು. “ಇನ್ನು ಗುಣ ಆಗ್ತಾಳೆ” ಅಂತ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಳು. ಅಮ್ಮ ಅತ್ತ ಹೋದ ಮೇಲೆ, ಉಗುಳಲು ಇಟ್ಟಿದ್ದ ಬೂದಿಯ ಮಡಕೆಗೆ ಅಕ್ಕ ಎಲ್ಲವನ್ನೂ ಕಕ್ಕಿದ್ದನ್ನು ನಾನು ಕಿಟಕಿಯಿಂದ ಕಂಡೆ. “ಅಮ್ಮಂಗೆ ಹೇಳ್ಬೇಡ ಕಣೇ” ಅಂದಳು. ಸಂಜೆ ಮತ್ತೆ ಪೂರ್ತಿ ಉಂಡಳು, ಮತ್ತೆ ಕಕ್ಕಿದಳು. ದಿನಾ ಇದೇ ನಡೆಯಿತು. ನನಗೆ ಭಯ, ಯಾರ ಮೇಲೆ ಅಂತ ಗೊತ್ತಾಗದ ಸಿಟ್ಟು.

ಆಮೇಲೆ ಕರಿ ಮೋಲಿಯೂ ಮೇವು ಬಿಟ್ಟು ಮೂಲೆ ಹಿಡಿಯಿತು. ಅಮ್ಮ ಬೋಗುಣಿ ತಂದಳು.

“ಇರ್ಲಿ ಬಿಡಮ್ಮ, ನಾಳೆ ತಿನ್ನುತ್ತೆ” ಅಂದಳು ಅಕ್ಕ.

“ತಿನ್ನದೇ ಇರೋದನ್ನ ಇಟ್ಕೊಂಡ್ರೆ ಮಿಕ್ಕಿದ್ದೂ ಹೋಗ್ತವೆ. ನಿಂಗೆ ಗೊತ್ತಿಲ್ವೇನೇ?”

“ಗೊತ್ತಮ್ಮ. ಅದಕ್ಕೇ ನಾನು ತಿಂತಾ ಇದೀನಿ.”

ಅಮ್ಮನ ಕೈ ನೀರಿನಲ್ಲೇ ನಿಂತಿತು. ಬಾಗಿಲಲ್ಲಿದ್ದ ನನ್ನ ಮುಖ ನೋಡಿದಳು. ನನಗೆ ತಡೆಯಲಾಗದೆ ಮಡಕೆಯ ವಿಷಯ ಹೇಳಿಬಿಟ್ಟೆ. ಅಮ್ಮ ಬೋಗುಣಿ ಕೆಳಗಿಟ್ಟು, ಹಾಸಿಗೆ ಮೇಲೆ ಕೂತು ಅಕ್ಕನ ತಲೆಯನ್ನು ತೊಡೆಗೆ ಎಳೆದುಕೊಂಡಳು. ಅವಳನ್ನು ಕೋಣೆಗೆ ಹಾಕಿದ ಮೇಲೆ ಮುಟ್ಟಿದ್ದು ಅದೇ ಮೊದಲು. ಹುಳುವಿಗೆ ಸೊಪ್ಪು ಹಾಕುವ ಹೊತ್ತಾಯಿತು ಅಂತ ಅಪ್ಪ ಬಂದು ಕರೆದ. “ಹುಳು ಹಾಳಾಗ್ಲಿ” ಅಂದಳು ಅಮ್ಮ. ಆ ಮಾತು ನಮ್ಮ ಮನೆಯಲ್ಲಿ ಯಾರೂ ಆಡಿದ್ದಿಲ್ಲ.

ಅಕ್ಕ ಉಳಿಯಲಿಲ್ಲ. ಬಂದ ಯುಗಾದಿಗೆ ಅವಳಿರಲಿಲ್ಲ. ಆದರೆ ಅಮ್ಮ ಬೋಗುಣಿ ಕೆಳಗಿಟ್ಟ ಆ ದಿನ ಸಂಜೆ ನಾನು ಊಟ ತಂದಾಗ, ಅವಳು ಅಭ್ಯಾಸಬಲದಿಂದ ಎದ್ದು ಕೂತು ಕೈ ಚಾಚಿದಳು. ಅಮ್ಮ ತಟ್ಟೆಯನ್ನು ಆಚೆ ಸರಿಸಿದಳು.

“ಬೇಡ ಬಿಡು ಮಗಳೇ. ತಿನ್ನದಿದ್ರೂ ನೀನು ಇಲ್ಲೇ ಇರ್ತೀಯ.”