ಬಟ್ಟಲ ತಳದ ಬಿಳಿ ಪುಡಿ

ನಮ್ಮ ಕೆಳಮನೆಯ ದೆಸಾಂಕಾ ಮೂವತ್ತು ವರ್ಷದಿಂದ ವಾಲ್ಯೆವೊ ಊರಿನ ಹೆಂಗಸರಿಗೆ ಕಾಫಿ ಬಟ್ಟಲು ನೋಡಿ ಭವಿಷ್ಯ ಹೇಳುತ್ತಿದ್ದಾಳೆ. ಸೋಸದ ಕಾಫಿ ಕುಡಿದ ಬಟ್ಟಲನ್ನು ಬೋರಲು ಹಾಕಬೇಕು. ಗಸಿ ಇಳಿದ ಮೇಲೆ ಅವಳು ಎತ್ತಿ, ಒಳಗೆ ಉಳಿದ ಗೆರೆಗಳನ್ನು ಓದುತ್ತಾಳೆ. ಯಾರ ಬಟ್ಟಲಲ್ಲೂ ಅವಳಿಗೆ ಕೆಟ್ಟದ್ದು ಕಂಡದ್ದಿಲ್ಲ. ಮದುವೆ, ಪ್ರಯಾಣ, ದೂರದಿಂದ ಕಾಗದ, ಇಷ್ಟೇ. ಸುಳ್ಳುಬುರುಕಿ ಎಂದು ನಾನು ರೇಗಿಸುತ್ತಿದ್ದೆ. ಆದರೂ ವಾರಕ್ಕೊಮ್ಮೆ ಹೋಗಿ ಅವಳ ಮುಂದೆ ಕೂರುತ್ತಿದ್ದೆ.

ಅವಳ ಗಂಡ ಮಿಲೋಯೆ ಹೆಂಚಿನ ಮಾಡು ರಿಪೇರಿ ಮಾಡುವವನು. ಐವತ್ತೆರಡು ವಯಸ್ಸು, ಕಲ್ಲುಗುಂಡಿನಂಥ ಆಳು, ಒಂದು ದಿನವೂ ಎದೆನೋವು ಎಂದವನಲ್ಲ. ಆದರೆ ಅವನ ಅಪ್ಪ, ಅಣ್ಣ ಇಬ್ಬರೂ ಐವತ್ತೈದು ದಾಟದೆ, ನಿಂತ ನಿಲುವಿನಲ್ಲೇ ಹೋಗಿದ್ದರು. ಆ ಭಯಕ್ಕೇ ದೆಸಾಂಕಾ ಅವನನ್ನು ಕಾಡಿ ಬೇಡಿ ಹೃದಯದ ಸ್ಕ್ಯಾನಿಗೆ ಕಳಿಸಿದಳು. ಅವನು ವರದಿಯ ಲಕೋಟೆ ತಂದು ಅವಳ ಮಡಿಲಿಗೆ ಹಾಕಿ, ನೀನೇ ಓದಿ ಹೇಳು ಎಂದ. ರಕ್ತನಾಳಗಳಲ್ಲಿ ಸುಣ್ಣ ಕಟ್ಟಿದೆ, ಈಗ ತೊಂದರೆ ಕಾಣದಿದ್ದರೂ ಮುಂದೆ ಹೃದಯಾಘಾತದ ಸಂಭವ ಹೆಚ್ಚು, ಸಿಗರೇಟು ಬಿಡಬೇಕು, ಮಾತ್ರೆ ಇಂದಿನಿಂದಲೇ ಶುರುವಾಗಬೇಕು ಎಂದಿತ್ತು. ಏನೂ ಇಲ್ಲ, ಎಲ್ಲ ಚೆನ್ನಾಗಿದೆ ಎಂದುಬಿಟ್ಟಳು. ಅವನು ಸಿಗರೇಟು ಹಚ್ಚಿಕೊಂಡು ಕೆಲಸಕ್ಕೆ ಹೋದ.

ಅವತ್ತಿನಿಂದ ಅವಳಿಗೆ ಊಟ ಸೇರದು. ಗುಟ್ಟಾಗಿ ಮಾತ್ರೆ ತಂದು, ಅರೆದು, ಅವನ ಬೆಳಗಿನ ಕಾಫಿಯಲ್ಲಿ ಕದಡಿ ಕೊಡತೊಡಗಿದಳು. ಫೋನ್ ಸದ್ದಾದರೆ ಸಾಕು, ಜೀವ ಬಾಯಿಗೆ ಬರುತ್ತಿತ್ತು. ನನ್ನೊಬ್ಬಳಿಗೇ ಹೇಳಿಕೊಂಡಳು. ಮಾತ್ರೆಯನ್ನು ಕದಡಿದೆ ಸರಿ, ಸಿಗರೇಟನ್ನು ಹೇಗೆ ಬಿಡಿಸುತ್ತೀಯ ಎಂದು ಬೈದೆ. ಬೈದದ್ದೇ ಬಂತು.

ಮೂರನೇ ವಾರದ ಭಾನುವಾರ ನಾನೂ ಅಲ್ಲಿದ್ದೆ. ಮಿಲೋಯೆ ಕಾಫಿ ಮುಗಿಸಿ ಬಟ್ಟಲೊಳಗೇ ನೋಡುತ್ತ ಕುಳಿತ. ಕಪ್ಪು ಗಸಿಯಲ್ಲಿ ಬಿಳಿ ಪುಡಿ ಅಂಟಿತ್ತು. ಬಟ್ಟಲನ್ನು ಅವಳ ಮುಂದೆ ಸರಿಸಿದ.

"ಇದ್ರಲ್ಲಿ ಏನು ಕಾಣ್ತದೆ, ಓದು ದೆಸಾ."

ಅವಳು ತಡವರಿಸಿದಳು. ಆಮೇಲೆ ಮಾತ್ರೆ ಅರೆದು ಹಾಕಿದ್ದನ್ನೂ ವರದಿಯಲ್ಲಿದ್ದುದನ್ನೂ ಒಂದೇ ಉಸಿರಿಗೆ ಹೇಳಿದಳು. ಅವನು ಕೂಗಾಡಲಿಲ್ಲ.

"ಆ ಲಕೋಟೆ ನಾನು ಬಸ್ಸಲ್ಲೇ ಒಡೆದು ಓದಿ, ಮತ್ತೆ ಅಂಟಿಸಿದ್ದೆ ಕಣೇ. ಹೆದರಿಹೋದೆ. ಮನೆಗೆ ಬಂದ್ರೆ ನೀನು ಏನೂ ಇಲ್ಲ ಅಂದೆ. ಅದನ್ನೇ ನಂಬ್ಕೊಂಡ್‌ಬಿಟ್ಟೆ."

ದೆಸಾಂಕಾ ಅಳತೊಡಗಿದಳು.

"ಈಗ ನಿಜ ಹೇಳು, ಐವತ್ತೈದು ದಾಟ್ತೀನಾ?" ಎಂದು ಅವನು ಕೇಳಿದ.

"ನಂಗೊತ್ತಿಲ್ಲ ಕಣೋ."

ಮಿಲೋಯೆ ಜೇಬಿನಿಂದ ಸಿಗರೇಟು ಪ್ಯಾಕು ತೆಗೆದು ಅವಳ ಕೈಗೆ ಕೊಟ್ಟ.